ನೂರು ಗುಂಡಿಗಳ ಡಬ್ಬಿ

ಟ್ರಂಕಿನ ಮುಚ್ಚಳ ಕೂರುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಅವನ ಬಟ್ಟೆಬರೆಯನ್ನೆಲ್ಲ ಅದರೊಳಗೆ ತುರುಕಿ, ಮೇಲೆ ಕೂತು ಒತ್ತಿ ಒತ್ತಿ, ಕಾಜಾ ಅಕ್ಕ ಅದರ ಬಾಯಿಯನ್ನೇ ಸೊಟ್ಟ ಮಾಡಿಟ್ಟಿದ್ದಳು. ತಲೆಯ ಮೇಲೆ ಹೊತ್ತುಕೊಂಡು ಟ್ರಂಕು ಮಾಡುವ ಶೆಡ್ಡಿಗೆ ಹೋದಳು. ಒಳಗೆ ಆರು ಜನ ಸಾಲಾಗಿ ಕೂತು ತಗಡು ಬಡಿಯುತ್ತಿದ್ದರು. ಬಾಗಿಲಿಗೆ ಹತ್ತಿರವಿದ್ದವನು ಸುತ್ತಿಗೆ ಕೆಳಗಿಟ್ಟು, ಎರಡು ಮಾರು ದೂರದಲ್ಲಿದ್ದ ಅವಳಿಗೆ ಎರಡು ಬೀದಿಗೆ ಕೇಳುವಂತೆ ಕೂಗಿದ:

"ಏನಾಗ್ಬೇಕಿತ್ತೂ?"

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ನಾನು ಕಿವುಡಿ ಅಲ್ಲಪ್ಪಾ."

ಅವನು ಹಲ್ಲು ಬಿಟ್ಟು ನಕ್ಕ. "ಇಲ್ಲಿ ಪಿಸುಗುಟ್ಟೋರಿಗೆ ಮದುವೆನೂ ಆಗಲ್ಲ ಅಕ್ಕಾ!"

ಮುಚ್ಚಳ ಕಳಚಿ ತೊಡೆಯ ಮೇಲಿಟ್ಟುಕೊಂಡು, ಸುತ್ತಿಗೆ ಬಿಟ್ಟು ಮರದ ಕೊಡತಿ ತೆಗೆದುಕೊಂಡ. ಅಂಚಿನ ಸುತ್ತ ತಟ್ಟುತ್ತಾ ಬಂದ. ಒಂದೊಂದು ಏಟಾದ ಮೇಲೂ ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದ. ಹಸುಗೂಸಿನ ಬೆನ್ನು ತಟ್ಟಿದಷ್ಟು ಮೆಲ್ಲಗೆ. ಇಷ್ಟು ಒರಟು ಗಂಟಲಿನವನಿಗೆ ಇಷ್ಟು ನಯವಾದ ಕೈ ಯಾರು ಕೊಟ್ಟರೋ ಎಂದುಕೊಂಡಳು ಅವಳು. ಅವಳು ಹೊರಡುವಾಗ ಅವಳ ಮುಖವನ್ನೇ ದಿಟ್ಟಿಸಿ ನೋಡಿ, "ನೀವು ಮೂರನೇ ಮಹಡಿಯವರಲ್ವಾ? ನಾವು ಎದುರು ಬಾಗಿಲಿಗೆ ನಿನ್ನೆ ತಾನೇ ಬಂದ್ವಿ!" ಎಂದು ಕೂಗಿ, ಸಂಜೆ ಟ್ರಂಕನ್ನು ತಾನೇ ಹೊತ್ತು ತಂದು ಮನೆಯೊಳಗಿಟ್ಟು ಹೋದ.

ಅವಳನ್ನು ಕಾಜಾ ಅಕ್ಕ ಎನ್ನುತ್ತಿದ್ದುದು ಅವಳ ಕೆಲಸದಿಂದ. ಹೊಲಿದ ಅಂಗಿಗಳನ್ನು ಅಂಗಡಿಯವರು ಕಟ್ಟು ಕಟ್ಟಿ ಕಳಿಸುತ್ತಿದ್ದರು. ಗುಂಡಿ ತೂರುವ ತೂತುಗಳಿಗೆ, ಅಂದರೆ ಕಾಜಾಗಳಿಗೆ, ಅವಳು ಸುತ್ತ ದಾರ ಹಾಕಬೇಕು, ಗುಂಡಿ ಹಚ್ಚಬೇಕು. ಅಂಗಿಗೆ ಒಂಬತ್ತು: ಮುಂದೆ ಏಳು, ತೋಳಿಗೆ ಒಂದೊಂದು. ಓದುಬರಹ ಅವಳಿಗೆ ಅಕ್ಷರ ಕೂಡಿಸಿಕೊಂಡು ಓದುವಷ್ಟು ಮಾತ್ರ. ಎಣಿಕೆ ಮಾತ್ರ ಎಂದೂ ತಪ್ಪಿರಲಿಲ್ಲ.

ಎದುರು ಬಾಗಿಲಿನಲ್ಲಿ ಮೂವರು. ಶೆಡ್ಡಿನವನು; ಅವನ ಹೆಂಡತಿ, ಪುಟ್ಟ ಮಕ್ಕಳಿಗೆ ಪಾಠ ಹೇಳುವ ಟೀಚರಮ್ಮ; ಏಳು ವರ್ಷದ ಮಗಳು ಪುಟ್ಟಿ. ಅವನಿಗೆ ಕಟ್ಟಡದವರು ಒಂದೇ ವಾರದಲ್ಲಿ ನಗಾರಿ ಎಂದು ಹೆಸರಿಟ್ಟರು. ಅವನು ಸಾಬೂನು ಎಲ್ಲಿ ಎಂದು ಕೇಳಿದರೆ ಕೆಳಗಿನ ಮಹಡಿಯವರು ತಮ್ಮ ಸಾಬೂನು ಹುಡುಕುತ್ತಿದ್ದರು. ಮೊದಮೊದಲು ನಗುವ ಮಾತಾಗಿತ್ತು. ಬರಬರುತ್ತಾ ಆ ಮನೆಯಲ್ಲಿ ಕೇಳುವ ದನಿ ಒಂದೇ ಆಯಿತು. "ಕೇಳಿದ್ದಕ್ಕೆ ಉತ್ತರ ಕೊಡೋಕೆ ಏನು ರೋಗ ನಿಮಗೆ? ಗೋಡೆ ಹತ್ರ ಮಾತಾಡ್ತಿದ್ದೀನಾ ನಾನು?" ಕೈ ಎತ್ತಿದವನಲ್ಲ. ಆದರೂ ಅವನು ಮೆಟ್ಟಿಲು ಹತ್ತುವ ಸಪ್ಪಳ ಕೇಳಿದರೆ ಸಾಕು, ಪುಟ್ಟಿ ಎರಡು ಅಂಗೈಗಳಿಂದ ಕಿವಿ ಮುಚ್ಚಿಕೊಂಡುಬಿಡುತ್ತಿದ್ದಳು.

ಒಂದು ಸಂಜೆ ಊಟದ ತಟ್ಟೆ ಗೋಡೆಗೆ ಬಡಿದ ಸದ್ದಾಯಿತು.

ಮರುದಿನ ಬೆಳಿಗ್ಗೆ ಟೀಚರಮ್ಮ ಕಾಜಾ ಅಕ್ಕನ ಬಾಗಿಲಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಮಗು. ಹಿಂದೆ ಅವನು, ಚೌಕಟ್ಟಿಗೆ ಒರಗಿಕೊಂಡು.

"ಅಣ್ಣನ ಮನೆಗೆ ಹೋಗ್ತಿದ್ದೀನಿ ಅಕ್ಕಾ. ನೂರು ದಿನ. ನೂರು ದಿನ ಕೂಗದೆ ಇದ್ದು ತೋರಿಸಲಿ, ಬರ್ತೀನಿ. ಅವರಿಗೂ ಹೇಳಿದ್ದೀನಿ. ಲೆಕ್ಕ ನೀವಿಡಬೇಕು."

"ನನಗೆ ಬರೆಯೋಕೆ ನೆಟ್ಟಗೆ ಬರಲ್ಲ ತಾಯಿ."

"ಬರೆಯೋದು ಬೇಡ. ಎಂಟು ಕಾಜಾ ಹಾಕಿ ಒಂಬತ್ತು ಅಂದವರಲ್ಲ ನೀವು. ಅಷ್ಟು ಸಾಕು ನನಗೆ."

"ಒಂದು ದಿನ ತಪ್ಪಿದರೆ?"

"ಮತ್ತೆ ಒಂದರಿಂದ."

ಅವಳು ಮೆಟ್ಟಿಲಿಳಿದು ಹೋದಳು. ಅವನು ಸಂಜೆ ಶೆಡ್ಡಿನಿಂದ ಬರುವಾಗ ಅಂಗೈಯಲ್ಲಿ ಒಂದು ತಗಡಿನ ಡಬ್ಬಿ ಇತ್ತು. ಮೇಲೆ ಸೀಳು, ಪಕ್ಕದಲ್ಲಿ ಕೊಂಡಿ. ಅಂಚನ್ನು ಕೈಗೆ ತಾಗದಂತೆ ಮಡಿಸಿದ್ದ. "ದಿನಕ್ಕೊಂದು ಗುಂಡಿ ಹಾಕಿ ಅಕ್ಕಾ. ನೂರು ಹಿಡಿಯುತ್ತೆ, ಅಳತೆ ನೋಡಿ ಮಾಡಿದ್ದೀನಿ."

ಶೆಡ್ಡಿನ ಕೂಗು ಲೆಕ್ಕಕ್ಕಿಲ್ಲ, ಅಲ್ಲಿ ಎಲ್ಲರೂ ಕೂಗುವವರೇ. ಕಟ್ಟಡದ ಬಾಗಿಲು ದಾಟಿದ ಮೇಲಿನದು ಮಾತ್ರ ಲೆಕ್ಕ. ದಿನಾ ಸಂಜೆ ಅವನು ಕೈಕಾಲು ತೊಳೆದು ಅವಳ ಬಾಗಿಲಿಗೆ ಬರುವುದು, ಅವಳು ಒಂದು ಬಿಳಿ ಗುಂಡಿ ತೆಗೆದು ಸೀಳಿನೊಳಗೆ ಬಿಡುವುದು. ಗುಂಡಿ ತಗಡಿಗೆ ಬಿದ್ದು ಟಣ್ ಎನ್ನುತ್ತಿತ್ತು.

ಅವನು ಮನಸ್ಸು ಮಾಡಿದ್ದಂತೂ ನಿಜ. ಬದುಕನ್ನು ಕೈಗೆತ್ತಿಕೊಂಡು ತಿದ್ದಬೇಕೆಂದು ಹೊರಟವರನ್ನು ಅವಳು ಬೇರೆ ಕಡೆಯೂ ಕಂಡಿದ್ದಳು. ನಾಲ್ಕು ದಿನದ ಉತ್ಸಾಹ. ಇವನದು ಹಾಗಲ್ಲ. ಯಾರದೋ ಭಾಷಣ ಕೇಳಿ ಬಂದ ಜೊತೆಗಾರನೊಬ್ಬ ಹೇಳಿಕೊಟ್ಟದ್ದನ್ನು ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದುಕೊಂಡಿದ್ದ. ಒಂದು ದಿನ ಕಾಜಾ ಅಕ್ಕ ಅಕ್ಷರ ಕೂಡಿಸಿ ಓದಿದಳು: ಎದ್ದ ಕೂಡಲೇ ಹತ್ತು ಉಸಿರು. ಮಾತಿಗೆ ಮುಂಚೆ ಒಂದು ಉಸಿರು. ಕೋಪ ಬಂದರೆ ಇಪ್ಪತ್ತು ಉಸಿರು.

"ಬರೀ ಉಸಿರೇ ಇದೆಯಲ್ಲೋ. ಊಟ ಯಾವಾಗ?"

ಅವನು ಅವಳ ಮುಖ ನೋಡಿ ನಕ್ಕ. ಆದರೆ ಬರೆದದ್ದನ್ನು ಅಳಿಸಲಿಲ್ಲ. ಚಹಾ ಕುಡಿಯುವ ಮುಂಚೆಯೂ ಕಣ್ಣು ಮುಚ್ಚಿ ಉಸಿರೆಳೆಯುತ್ತಿದ್ದ. ಮಗಳ ಹರಿದ ಪುಸ್ತಕಗಳಿಗೆ ರಟ್ಟು ಹಾಕಿ ಜೋಡಿಸಿಟ್ಟ. ಗೋಡೆಯಲ್ಲಿ ತಟ್ಟೆ ಬಡಿದ ಗುರುತಿಗೆ ಸುಣ್ಣ ಬಳಿಯದೆ ಹಾಗೇ ಬಿಟ್ಟ. "ಇರಲಿ ಅಕ್ಕಾ. ದಿನಾ ಕಾಣಬೇಕು ನನಗೆ."

ಒಂದೇ ಒಂದು ವಿಷಯ ಅವಳಿಗೆ ಸರಿ ಬರುತ್ತಿರಲಿಲ್ಲ. ಗುಂಡಿ ಟಣ್ ಎಂದು ಬಿದ್ದ ಮೇಲೂ, ಬಗ್ಗಿ ಚಪ್ಪಲಿ ಮೆಟ್ಟುತ್ತಿದ್ದವನು ತಲೆಯೆತ್ತಿ ಕೇಳುತ್ತಿದ್ದ: "ಹಾಕಿದ್ರಾ ಅಕ್ಕಾ?"

"ಹಾಕಿದೆ."

ಮರುದಿನ ಮತ್ತೆ: "ಹಾಕಿದ್ರಾ?" ಕಣ್ಣೆದುರು ಹಾಕಿದ್ದನ್ನು ಮತ್ತೆ ಕೇಳುತ್ತಾನಲ್ಲ, ನನ್ನ ಮೇಲೆ ಇಷ್ಟೂ ನಂಬಿಕೆ ಇಲ್ಲವೇ ಎಂದು ಅವಳಿಗೆ ಒಳಗೊಳಗೇ ಮುನಿಸು.

ಮೂವತ್ತೊಂದನೆಯ ದಿನ ಸಂಜೆ ಅವನು ಕಿಟಕಿಯಿಂದ ಬಗ್ಗಿ ಬೀದಿಯ ತರಕಾರಿಯವನನ್ನು ಕರೆದ. ಬೀದಿಯ ಆಚೆ ತುದಿಯಲ್ಲಿದ್ದವರೂ ಕತ್ತೆತ್ತಿ ನೋಡಿದರು. ಗುಂಡಿ ಹಾಕಿಸಲು ಬಂದಾಗ ಕಾಜಾ ಅಕ್ಕ ಡಬ್ಬಿಯ ಕೊಂಡಿ ತೆಗೆದಳು.

"ಯಾಕಕ್ಕಾ?"

"ಕೂಗಿದೆಯಲ್ಲಪ್ಪಾ."

"ನಾನಾ? ಯಾವಾಗ?"

"ತರಕಾರಿಯವನನ್ನ ಕರೆದದ್ದು ಊರಿಗೇ ಕೇಳಿಸಿದೆ."

"ದೇವರಾಣೆ ಅಕ್ಕಾ, ಮೆಲ್ಲಗೆ ಕರೆದದ್ದು ನಾನು! ಉಸಿರೆಳೆದು ಕರೆದದ್ದು!" ಎಂದು ಮೆಟ್ಟಿಲೆಲ್ಲ ಗುಂಯ್‌ಗುಡುವಂತೆ ಹೇಳಿದ. ಕೆಳಗಿನವರು ಬಾಗಿಲು ತೆರೆದು ನೋಡಿದರು. ಅವರ ಮುಖಗಳನ್ನು ನೋಡಿ ಅವನ ಬಾಯಿ ಮುಚ್ಚಿತು. ಇವಳು ಸುಳ್ಳು ಹೇಳುತ್ತಿದ್ದಾಳೆ ಎಂಬ ಅನುಮಾನ ಕಣ್ಣಲ್ಲಿ ಬಂದು ಹೋದದ್ದನ್ನು ಅವಳು ಕಂಡಳು. ಮೂವತ್ತು ಗುಂಡಿಗಳನ್ನು ಹಾಸಿದ ಬಟ್ಟೆಯ ಮೇಲೆ ಸುರಿದಳು. ಮರುದಿನ ಒಂದರಿಂದ ಶುರು.

ಎರಡನೆಯ ಸಲ ಅರವತ್ತನಾಲ್ಕನ್ನು ಮುಟ್ಟಿತು. ಅಲ್ಲಿಯವರೆಗೆ ಮಗಳನ್ನು ಕಳಿಸಿರಲಿಲ್ಲ. ಆ ಭಾನುವಾರ ಟೀಚರಮ್ಮನ ಅಣ್ಣ ಪುಟ್ಟಿಯನ್ನು ಒಂದು ಗಂಟೆಯ ಮಟ್ಟಿಗೆಂದು ಕರೆತಂದ. ಬೆಳಗಿನಿಂದ ನೆಲ ಒರೆಸಿದ್ದೇ ಒರೆಸಿದ್ದು, ಬಾಗಿಲು ತೆರೆದಿಟ್ಟು ಮೆಟ್ಟಿಲ ಮೇಲೇ ಕಣ್ಣಿಟ್ಟು ಕೂತಿದ್ದ ಅವನು. ಪುಟ್ಟಿಯ ತಲೆ ಕಂಡದ್ದೇ ತಡ, ಎರಡೂ ಕೈ ಚಾಚಿ, "ಬಂದ್ಯಾ ಕಂದಾ!" ಎಂದ.

ಗೋಡೆ ಅದುರಿತು. ಮಗು ಕಿವಿ ಮುಚ್ಚಿಕೊಂಡು ಮಾವನ ಕಾಲಿನ ಹಿಂದೆ ಸೇರಿಕೊಂಡಿತು.

ಅಣ್ಣ ಕಾಜಾ ಅಕ್ಕನ ಕಡೆ ತಿರುಗಿದ. "ಕೇಳಿಸ್ತಲ್ಲ? ನಾನೇನೂ ಹೇಳಲ್ಲ, ನೀವೇ ಹೇಳಿ."

"ಖುಷಿಗೆ ಅಂದದ್ದಪ್ಪ ಅದು."

"ಖುಷಿಗೋ ಕೋಪಕ್ಕೋ, ಮಗು ಹೆದರಿತೋ ಇಲ್ವೋ?"

ಕೂಗದೆ ಎಂದಿದ್ದಳು ಟೀಚರಮ್ಮ. ಕೋಪದಿಂದ ಕೂಗದೆ ಎಂದಿರಲಿಲ್ಲ. ಕೊಟ್ಟ ಮಾತು ಮಾತೇ. ಕಾಜಾ ಅಕ್ಕ ಕೊಂಡಿ ತೆಗೆದಳು. ಅವನು ಚಾಚಿದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವನ ಹಾಗೆ ನಿಂತಿದ್ದ. ಅವನ ಎದುರೇ ಅರವತ್ತನಾಲ್ಕು ಗುಂಡಿಗಳನ್ನು ಸುರಿದಳು.

ಆಮೇಲೆ ಅವನು ಮಾತನ್ನೇ ಬಿಟ್ಟ.

ಬರುತ್ತಿದ್ದ, ನಿಲ್ಲುತ್ತಿದ್ದ, ಗುಂಡಿ ಬಿದ್ದ ಮೇಲೆ ಹುಬ್ಬೆತ್ತಿ ಕೇಳುತ್ತಿದ್ದ, ಅವಳು ತಲೆಯಾಡಿಸಿದರೆ ಹೋಗುತ್ತಿದ್ದ. ಅಂಗಡಿಯಲ್ಲಿ ಬೇಕಾದ್ದನ್ನು ಬೆರಳು ತೋರಿಸಿ ಕೊಳ್ಳುತ್ತಿದ್ದ. "ನಗಾರಿಗೆ ಚರ್ಮ ಹರಿಯಿತು" ಎಂದು ಕಟ್ಟಡದವರು ಆಡಿಕೊಂಡರು. ಕೆನ್ನೆ ಒಳಕ್ಕೆ ಹೋಯಿತು. ಬಾಗಿಲ ಹಿಂದಿನ ಉಸಿರಿನ ಲೆಕ್ಕ ಅಳಿಸಿಹೋಗಿತ್ತು. ಅಳಿಸಿದನೋ ತಾನೇ ಅಳಿಸಿತೋ, ಅವಳು ಕೇಳಲಿಲ್ಲ. ಗುಂಡಿಗಳು ಮಾತ್ರ ಒಂದರ ಮೇಲೊಂದು ಬೀಳುತ್ತಲೇ ಇದ್ದವು: ಹತ್ತು, ಇಪ್ಪತ್ತು, ನಲವತ್ತು.

ನಲವತ್ತೆರಡನೆಯ ದಿನ ಪುಟ್ಟಿ ಮತ್ತೆ ಬಂದಳು. ಮಾವ ಕೆಳಗೆ ಬೀದಿಯಲ್ಲಿ ನಿಂತ. ಗೊಂಬೆಯ ಬಟ್ಟೆ ಇಡಲೆಂದು ಅವನು ಅಂಗೈಯಗಲದ ಟ್ರಂಕು ಮಾಡಿಟ್ಟಿದ್ದ. ನೆಲದಲ್ಲಿ ಕೂತು ಅದಕ್ಕೆ ಹಿಡಿಕೆ ಹಾಕುತ್ತಿದ್ದ. ಮಗು ಅವನ ಬೆನ್ನ ಹಿಂದೆ ನಿಂತು ಕೇಳಿತು: "ಅಪ್ಪಾ, ಇದಕ್ಕೆ ಬೀಗ ಇದ್ಯಾ?" ಅವನು ಕೆಲಸ ಬಿಡಲಿಲ್ಲ. "ಅಪ್ಪಾ, ಬೀಗ ಇದ್ಯಾ?" ಮೂರನೆಯ ಸಲವೂ ಕೇಳಿತು. ಆಮೇಲೆ ಈಚೆಗೆ ಬಂದು ಕಾಜಾ ಅಕ್ಕನ ಪಕ್ಕ ಕೂತಿತು.

"ಅಜ್ಜಿ, ಅಪ್ಪ ನನ್ನ ಹತ್ರ ಮಾತು ಬಿಟ್ಟಿದ್ದಾನೆ. ನಾನೇನೂ ಮಾಡಿಲ್ಲ."

ತೆರೆದ ಎರಡು ಬಾಗಿಲುಗಳ ನಡುವಿನಿಂದ ಕಾಜಾ ಅಕ್ಕ ಅವನ ಮುಖ ನೋಡುತ್ತಲೇ ಇದ್ದಳು. ಬಾಯಿ ಬಿಗಿಹಿಡಿದವನ ಗಂಟಲು ಹೇಗೆ ಸೆಟೆದುಕೊಳ್ಳುತ್ತದೆ ಎಂದು ಅವಳಿಗೆ ಗೊತ್ತು. ಅವನ ಗಂಟಲು ಸಡಿಲವಾಗಿತ್ತು. ತನ್ನನ್ನು ಯಾರೂ ಕರೆದೇ ಇಲ್ಲ ಎಂಬಂಥ ಮುಖ ಅದು.

ಸಂಜೆ ಅವನು ಬಾಗಿಲಿಗೆ ಬಂದು ನಿಂತಾಗ, ಹೊಲಿಯುತ್ತಿದ್ದ ಅಂಗಿಯನ್ನು ಅವಳು ಬಾಯಿಗೆ ಅಡ್ಡ ಹಿಡಿದುಕೊಂಡು ಹೇಳಿದಳು: "ನಿನ್ನ ತೋಳಿನ ಹತ್ರ ಅಂಗಿ ಹರಿದಿದೆಯಲ್ಲ."

ಅವನು ಅಂಗಿಯ ಮೇಲಿಂದ ಕಾಣುವ ಅವಳ ಕಣ್ಣುಗಳನ್ನೇ ನೋಡಿದ. ಏನೋ ಒಂದು ಹೇಳಲೇಬೇಕೆಂದು, ಎಷ್ಟೋ ದಿನದ ಮೇಲೆ ಬಾಯಿ ತೆರೆದ. "ಹೂಂ ಅಕ್ಕಾ. ಇವತ್ತು ಸೆಕೆ ಜಾಸ್ತಿ."

ಅವನು ತಿರುಗಿ ಹೊರಟಾಗ ಅವಳು ಕತ್ತರಿಯನ್ನು ನೆಲಕ್ಕೆ ಬಿಟ್ಟಳು. ದೊಡ್ಡ ಕತ್ತರಿ, ಕಲ್ಲಿನ ನೆಲ. ಅವನು ಹಿಂದಿರುಗಿ ನೋಡಲಿಲ್ಲ.

ಅವಳು ಕತ್ತರಿ ಎತ್ತಿಕೊಂಡು ಕೂತಳು. ಹಾಕಿದ್ರಾ ಅಕ್ಕಾ, ಹಾಕಿದ್ರಾ ಅಕ್ಕಾ. ಮೂವತ್ತು, ಅರವತ್ತನಾಲ್ಕು. ಅವನು ಮೆಲ್ಲಗೆ ಎಂದದ್ದು ಅವನ ಮಟ್ಟಿಗೆ ಮೆಲ್ಲಗೇ ಆಗಿತ್ತು. ತನ್ನ ಕೈಯಾರೆ ಆ ಗುಂಡಿಗಳನ್ನು ಸುರಿದದ್ದು ನೆನೆದು ಅವಳಿಗೆ ತನ್ನ ಕೈಯೇ ಬೇಡವೆನಿಸಿತು.

ಮರುದಿನ ಟೀಚರಮ್ಮನ ಶಾಲೆಗೆ ಹೋದಳು. ಮಕ್ಕಳು ಆಟಕ್ಕೆ ಹೋಗಿದ್ದರು. ಮೊಣಕಾಲೆತ್ತರದ ಕುರ್ಚಿಯ ಮೇಲೆ ಕೂತುಕೊಂಡೇ ಹೇಳಿದಳು: "ಅವನಿಗೆ ಕಿವಿ ಕೇಳ್ತಿಲ್ಲ ತಾಯಿ. ತಗಡಿನ ಸದ್ದು ತಿಂದುಹಾಕಿದೆ. ಅವನು ಕೂಗ್ತಿರೋದು ಅವನಿಗೇ ಗೊತ್ತಾಗ್ತಿಲ್ಲ. ಎದುರಿಗಿದ್ದರೆ ನಮ್ಮ ತುಟಿ ನೋಡಿ ತಿಳ್ಕೊಳ್ತಾನೆ."

ಟೀಚರಮ್ಮ ಕೈಯಲ್ಲಿದ್ದ ಬಣ್ಣದ ಕಡ್ಡಿಗಳನ್ನು ಪೆಟ್ಟಿಗೆಯೊಳಗೆ ಜೋಡಿಸುತ್ತಿದ್ದವಳು ನಿಲ್ಲಿಸಿದಳು. ಮುಖದಲ್ಲಿ ಸಮಾಧಾನ ಬರುತ್ತದೆ ಎಂದುಕೊಂಡಿದ್ದಳು ಕಾಜಾ ಅಕ್ಕ. ಬರಲಿಲ್ಲ.

"ಆ ದಿನ ಅವರು ಮಗುನ ಊಟ ಆಯ್ತಾ ಅಂತ ಕೇಳಿದ್ರು. ಪುಟ್ಟಿ ತಲೆ ಬಗ್ಗಿಸ್ಕೊಂಡು 'ಹೂಂ ಅಪ್ಪಾ' ಅಂದ್ಲು. ಮತ್ತೆ ಕೇಳಿದ್ರು. ಮತ್ತೆ ಹೂಂ ಅಂದ್ಲು. ಮೂರು ಸಲ. ಆಮೇಲೆ ತಟ್ಟೆ ಎಸೆದ್ರು." ಕೈಯಲ್ಲಿದ್ದ ಕಡ್ಡಿಗಳನ್ನು ನೆಲಕ್ಕಿಟ್ಟು ಹೇಳಿದಳು: "ಕೇಳದೆ ಇದ್ದದ್ದು ಕಿವಿ ಅಕ್ಕಾ. ಎಸೆದದ್ದು ಕಿವಿ ಅಲ್ಲವಲ್ಲ. ಯಾವುದು ಕಿವಿಯದು, ಯಾವುದು ಅವರದು ಅಂತ ನಾನು ಹೇಗೆ ಬಿಡಿಸಿಕೊಳ್ಳಲಿ?"

ಕಾಜಾ ಅಕ್ಕ ಕಡ್ಡಿಗಳನ್ನು ಎತ್ತಿಕೊಟ್ಟು ಬಂದಳು.

ಅವನಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಎದುರಿಗೆ ಕೂರಿಸಿಕೊಂಡು, ಬೆಳಕು ತನ್ನ ಮುಖದ ಮೇಲೆ ಬೀಳುವಂತೆ ಕೂತು, ಒಂದೊಂದೇ ಮಾತು ಹೇಳಿದಳು. ಕಿವಿಯ ಮಾತು ಬಂದಾಗ ಅವನು ಕೈ ಅಡ್ಡ ಆಡಿಸಿದ. ಕತ್ತರಿ ಬಿದ್ದದ್ದನ್ನು ಹೇಳಿದಾಗ ನೆಲ ನೋಡಿದ.

"ಆ ದಿನ ಮಗು ಉತ್ತರ ಕೊಟ್ಟಿತ್ತಂತೆ ಕಣಪ್ಪಾ. ಮೂರು ಸಲ."

"ಏನಂತ?"

"'ಹೂಂ ಅಪ್ಪಾ' ಅಂತ."

ಅವನು ಎದ್ದ. ತನ್ನ ಮನೆಯೊಳಗೆ ಹೋಗಿ ಗೋಡೆಯ ಗುರುತಿನ ಮುಂದೆ ನಿಂತ. ಅಲ್ಲಿಂದ ಒಂದು ದನಿ ಬಂತು. ಅದು ಅಳುವೋ ಕೂಗೋ ತಿಳಿಯುವಂತಿರಲಿಲ್ಲ. ಇಡೀ ಕಟ್ಟಡಕ್ಕೆ ಕೇಳಿಸಿತು. ಆದರೂ ಸಂಜೆ ಕಾಜಾ ಅಕ್ಕ ಗುಂಡಿ ಹಾಕಿದಳು; ಅದನ್ನು ಅವಳು ಕೂಗೆಂದು ಎಣಿಸಲಿಲ್ಲ. ಹಿಂದೆ ಸುರಿದವುಗಳನ್ನೂ ಒಂದು ಬೊಗಸೆ ಎತ್ತಿ ಡಬ್ಬಿಗೆ ಹಾಕಹೊರಟಳು. ಅವನು ಸೀಳಿನ ಮೇಲೆ ಅಂಗೈ ಇಟ್ಟ. "ಕಳ್ಳ ಗುಂಡಿ ಬೇಡ ಅಕ್ಕಾ. ಅವಳು ನಿಮ್ಮನ್ನ ನಂಬಿದ್ದಾಳೆ."

ಕಿವಿಯ ಡಾಕ್ಟರ ಬಳಿಗೆ ಅವಳೇ ಜೊತೆಗೆ ಹೋದಳು. ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಯಂತ್ರ ಸಿಕ್ಕಿಸಿ, ಸದ್ದು ಕೇಳಿದಾಗಲೆಲ್ಲ ಬೆರಳೆತ್ತಬೇಕು ಎಂದರು. ಅವನು ಬೆರಳು ಸಿದ್ಧ ಮಾಡಿಕೊಂಡು ಪರೀಕ್ಷೆಗೆ ಕೂತ ಮಗುವಿನ ಹಾಗೆ ಕಾದ. ಕಾದ. ಕೊನೆಗೆ ಗಾಜಿನ ಆಚೆಗೆ ನೋಡಿ, "ಇನ್ನೂ ಶುರು ಮಾಡಿಲ್ವಾ ಸಾರ್?" ಎಂದ. ಅಷ್ಟರಲ್ಲಿ ಒಂದು ಕಿವಿಯದು ಮುಗಿದೇ ಹೋಗಿತ್ತು.

ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯಲ್ಲಿ ಕಾಲುಭಾಗ ಉಳಿದಿದೆ, ಯಂತ್ರ ಹಾಕಿಕೊಂಡರೆ ಅದಕ್ಕೆ ಅಲ್ಪಸ್ವಲ್ಪ ಆಸರೆ, ಹೋದದ್ದು ಬರುವುದಿಲ್ಲ, ತಗಡು ಬಡಿಯುವುದನ್ನು ಬಿಡದಿದ್ದರೆ ಇದೂ ಹೋಗುತ್ತದೆ ಎಂದರು. ಶೆಡ್ಡು ಬಿಡಬೇಕಾಯಿತು. ಇದ್ದ ಕೋಣೆ ಶೆಡ್ಡಿನ ಯಜಮಾನನದು. ತಿಂಗಳೆರಡರ ಗಡುವು ಕೊಟ್ಟ. ಇಪ್ಪತ್ತು ವರ್ಷ ತಗಡು ಬಿಟ್ಟರೆ ಬೇರೇನನ್ನೂ ಮುಟ್ಟದ ಕೈಗಳನ್ನು ಅವನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದ. ಒಂದು ದಿನ ಒಬ್ಬ ಬಾಗಿಲು ಕಾಯುವ ಕೆಲಸ ಕೊಡುತ್ತೇನೆಂದು ಕರೆದು, ಕರೆಗಂಟೆ ಕೇಳಿಸುವುದಿಲ್ಲ ಎಂದು ತಿಳಿದ ಮೇಲೆ ಕೈಮುಗಿದ.

ಟೀಚರಮ್ಮ ಹೇಳಿ ಕಳಿಸಿದಳು: ನೂರನೆಯ ದಿನ ತಾನು ಆ ಮನೆಗೆ ಬರುವುದಿಲ್ಲ, ಅವರೇ ಅಣ್ಣನ ಮನೆಗೆ ಬರಲಿ. ಪುಟ್ಟಿಯನ್ನು ಮಾತಾಡಿಸಲಿ. ಮಗು ಕಿವಿಯಿಂದ ಕೈ ತೆಗೆದು ಅವರ ಹತ್ತಿರ ಹೋದರೆ ಮುಂದಿನದು. ಇಲ್ಲದಿದ್ದರೆ ಇಲ್ಲ, ತನ್ನನ್ನು ಯಾರೂ ಒಪ್ಪಿಸಲು ಬರಬೇಡಿ.

ಹಾಗಾಗಿ ಉಳಿದ ದಿನಗಳಲ್ಲಿ ಅವರಿಬ್ಬರೂ ದನಿ ಕಲಿತರು. ಕಿವಿಗೆಂದು ಕೊಟ್ಟ ಯಂತ್ರದಲ್ಲಿ ಎಲ್ಲವೂ ಅವನಿಗೆ ಬರೀ ಗೊರಗೊರ ಎನ್ನುತ್ತಿತ್ತು, ಹಾಗಾಗಿ ತೆಗೆದಿಟ್ಟು ಬೆರಳನ್ನೇ ನೆಚ್ಚಿಕೊಂಡ. ಎರಡು ಬೆರಳನ್ನು ಗಂಟಲ ಮೇಲಿಟ್ಟುಕೊಂಡು ಒಂದು ಮಾತು ಹೇಳುವುದು. ಅವಳು ಅಂಗೈಯನ್ನು ಗಾಳಿಯಲ್ಲಿ ಹಿಡಿದು, ಜೋರಾದರೆ ಇಸ್ತ್ರಿ ಒತ್ತಿದ ಹಾಗೆ ಕೆಳಕ್ಕೆ ಒತ್ತುವುದು. ಬೆರಳಿಗೆ ಎಷ್ಟು ನಡುಕ ಸಿಕ್ಕಿದರೆ ಎಷ್ಟು ದನಿ ಎಂದು ಅವನು ತಗಡಿನ ಅಂಚನ್ನು ಸವರಿ ತಿಳಿಯುತ್ತಿದ್ದಂತೆಯೇ ತಿಳಿದುಕೊಳ್ಳತೊಡಗಿದ.

"ಪುಟ್ಟೀ, ಅಪ್ಪ ಬಂದಿದ್ದೀನಿ."

ಅವಳ ಕೈ ಕೆಳಕ್ಕೆ.

"ಪುಟ್ಟೀ, ಅಪ್ಪ ಬಂದಿದ್ದೀನಿ."

ಇನ್ನೂ ಕೆಳಕ್ಕೆ.

"ನಿಮ್ಮ ಕೈ ನೆಲಕ್ಕೆ ತಾಗುತ್ತೆ ಅಕ್ಕಾ ಇನ್ನು!"

"ತಾಗಲಿ. ನಿನ್ನ ಗಂಟಲು ಮಹಡಿ ಮೇಲಿದೆ, ಅದನ್ನ ಮೊದಲು ಇಳಿಸು."

ದಿನಕ್ಕೆ ಐವತ್ತು ಸಲ ಅದೇ ಮೂರು ಮಾತು. ಕಲಿಯುವಾಗ ಏರಿದ ದನಿ, ಶೆಡ್ಡಿನ ಕೂಗಿನ ಹಾಗೆ, ಲೆಕ್ಕಕ್ಕಿಲ್ಲ. ಎಂಬತ್ತನೆಯ ಗುಂಡಿಯ ಹೊತ್ತಿಗೆ ಐದು ಸಲದಲ್ಲಿ ಮೂರು ಸಲ ಸರಿ ಬರುತ್ತಿತ್ತು. ತೊಂಬತ್ತರ ಹೊತ್ತಿಗೆ ನಾಲ್ಕು ಸಲ. ಆದರೆ ಮಗಳನ್ನು ನೆನೆದು ಹೇಳಿದ ಕೂಡಲೇ ಗಂಟಲು ಮೇಲಕ್ಕೇರಿಬಿಡುತ್ತಿತ್ತು. "ಅವಳ ಮುಖ ಕಂಡರೆ ನನ್ನ ಕೈಲಾಗಲ್ಲ ಅಕ್ಕಾ," ಎಂದು ತಲೆ ಹಿಡಿದುಕೊಳ್ಳುತ್ತಿದ್ದ. "ಅವಳು ಇನ್ನೊಂದು ಸಲ ಕಿವಿ ಮುಚ್ಚಿಕೊಂಡರೆ ನಾನು ಎಲ್ಲಿಗೆ ಹೋಗಲಿ?"

ನೂರನೆಯ ಗುಂಡಿ ಬಿದ್ದದ್ದು ಬೆಳಿಗ್ಗೆಯೇ, ಏಕೆಂದರೆ ಸಂಜೆ ಅವನು ಇರುವುದಿಲ್ಲ. ಕೋಣೆಯ ಬೀಗದಕೈ ಯಜಮಾನನಿಗೆ ಹೋಗಿ ಆಗಿತ್ತು. ಅಣ್ಣನ ಮನೆಯಲ್ಲಿ ನಿಲ್ಲು ಎಂದರೆ ನಿಲ್ಲುವುದು, ಬೇಡವೆಂದರೆ ಅಲ್ಲಿಂದಲೇ ಎಲ್ಲಿಗಾದರೂ. ಹೇಗಾದರೂ ಈ ಮೆಟ್ಟಿಲು ಮತ್ತೆ ಹತ್ತುವುದಿರಲಿಲ್ಲ. ಒಂದು ಕೈಯಲ್ಲಿ ಟ್ರಂಕು, ಟ್ರಂಕಿನ ಮೇಲೆ ಗೊಂಬೆಯ ಪುಟ್ಟ ಟ್ರಂಕು. ಅದಕ್ಕೆ ಈಗ ಬೀಗವೂ ಇತ್ತು. ಡಬ್ಬಿಯನ್ನು ಅವಳು ಅವನ ಕೈಗೆ ಕೊಟ್ಟಳು. ಅವನು ಅಲ್ಲಾಡಿಸಿ ನೋಡಿದ. ನೂರು ಗುಂಡಿಗಳು ಅಳತೆಗೆ ಸರಿಯಾಗಿ ತುಂಬಿಕೊಂಡು ಅಲುಗಲಿಲ್ಲ.

ನಾಲ್ಕು ಮೆಟ್ಟಿಲಿಳಿದು ನಿಂತ. ಟ್ರಂಕು ಕೆಳಗಿಟ್ಟ. ಎರಡು ಬೆರಳು ಗಂಟಲಿಗೆ ಹೋದವು. ಅವಳೂ ಅಭ್ಯಾಸಬಲದಿಂದ ಅಂಗೈ ಎತ್ತಿ ಹಿಡಿದಳು. ಅವನ ತುಟಿಗಳು ಆಡಿದವು: ಪುಟ್ಟೀ, ಅಪ್ಪ ಬಂದಿದ್ದೀನಿ. ತುಟಿ ಆಡಿದ್ದು ಅವಳಿಗೆ ಕಂಡಿತು, ಅಷ್ಟೇ. ದನಿ ಒಂದು ಎಳೆಯಷ್ಟೂ ಹೊರಗೆ ಬರಲಿಲ್ಲ. ಹೆದರಿಕೆಗೆ ಅದನ್ನು ಎಷ್ಟು ಕೆಳಗಿಳಿಸಿದ್ದನೆಂದರೆ ಅದು ಗಂಟಲಲ್ಲೇ ಉಳಿದುಬಿಟ್ಟಿತ್ತು.

ಅವಳ ಅಂಗೈ ಗಾಳಿಯಲ್ಲಿ ಹಾಗೇ ನಿಂತಿತು. ಮೇಲಕ್ಕೆ ಎತ್ತು ಎಂದು ಹೇಳುವ ಸನ್ನೆಯನ್ನು ಅವರಿಬ್ಬರೂ ಕಲಿತೇ ಇರಲಿಲ್ಲ.

ಅವಳ ಮುಖವನ್ನೇ ನೋಡುತ್ತಾ ಅವನು ಕೇಳಿದ, ಮೂರೂ ಮಹಡಿಗಳು ಗುಂಯ್‌ಗುಡುವಂತೆ:

"ಕೇಳಿಸ್ತಾ ಅಕ್ಕಾ?"